ಹುಣಸೆಯ ಇದ್ದಲು, ಅಳಲೆಯ ಮಸಿ

ಮೈಸೂರಿನ ಹಳೆಯ ಚಿತ್ರಪಟವೊಂದರ ಮುಂದೆ ನಿಂತಾಗ ನಮ್ಮ ಕಣ್ಣು ಮೊದಲು ನೆಡುವುದು ಚಿನ್ನದ ರೇಕಿನ ಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಲಾಭಿಮಾನವನ್ನು ಕೊಂಡಾಡಿ ನಾವು ಮುಂದೆ ಸಾಗುವೆವು. ಆದರೆ ಚಿನ್ನಕ್ಕೂ ಬಣ್ಣಕ್ಕೂ ಅಡಿಯಲ್ಲಿ ಕರಿಯ ಗೆರೆಯೊಂದುಂಟು. ಅದು ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಈ ಹೊತ್ತು ಶ್ರೋತೃಗಳ ಗಮನವನ್ನು ನಾವು ಅತ್ತ ಸೆಳೆಯಬಯಸುತ್ತೇವೆ.

ಚಿತ್ರಗಾರನು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಲಿನಿಂದ ಮೊದಲ ರೂಪರೇಖೆಯನ್ನು ಬರೆಯುತ್ತಿದ್ದನು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಬಯಲಿನಲ್ಲಿ ಹುಣಸೆಗೆ ಬರವಿಲ್ಲ. ಹಣ ತೆತ್ತು ಕೊಳ್ಳಬೇಕಾದ ಪದಾರ್ಥವಲ್ಲವಾದುದರಿಂದ, ಬರೆದುದನ್ನು ಅಳಿಸಿ ಮತ್ತೆ ಬರೆಯುವುದಕ್ಕೆ ಕೈ ಅಳುಕುತ್ತಿರಲಿಲ್ಲ. ವರ್ತಕನ ಕಡತವೂ ಇದೇ ಮನೆತನದ್ದು: ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದ ಕಲ್ಲಿನಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ೧೮೧೦ರಲ್ಲಿ ಹೊರಬಂದ ಮೈಸೂರಿನ ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸ್ ಕಡತವನ್ನು ವರ್ಣಿಸಿದ್ದಾನೆ.

ಇನ್ನು ಬೆಟ್ಟಗಳ ಪಾಲು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಆಯ್ದು ತರುವ ಕಾಡುತ್ಪತ್ತಿಗಳಲ್ಲಿ ಅಳಲೆಕಾಯಿಯೂ ಒಂದು. ಅದರ ಒಗರು ಕಬ್ಬಿಣದ ಲವಣವನ್ನು ಕೂಡಿದೊಡನೆ ಮಾಸದ ಕಪ್ಪಾಗುವುದು. ಬರೆಯುವ ಮಸಿಗೂ ಬಟ್ಟೆಯ ಮೇಲಿನ ಚಿತ್ರಕ್ಕೂ ಇದೇ ಆಧಾರ. ಇದ್ದಲು ಅಳಿಸುವುದಕ್ಕೆ, ಅಳಲೆ ಉಳಿಸುವುದಕ್ಕೆ.

ಬಣ್ಣದ ಕಥೆಯೇ ಬೇರೆ. ಮಕ್ಕಿಯೆಂಬ ಹಳದಿಯ ಅಂಟಿಗೆ ಇಂಗ್ಲಿಷಿನಲ್ಲಿ ಕಾಂಬೋಜ ದೇಶದ ಹೆಸರೇ ನಿಂತಿದೆ. ಅದನ್ನು ಸಫೇದದೊಡನೆ ನುಣ್ಣಗೆ ಅರೆದು, ತೆಳುವಾದ ಉಬ್ಬನ್ನೆತ್ತಿ, ಅದರ ಮೇಲೆ ತೆಳುವಾದ ರೇಕನ್ನು ಹಚ್ಚುವರು. ತಂಜಾವೂರಿನ ದಪ್ಪ ಉಬ್ಬೂ ಹರಳುಗಳೂ ಇಲ್ಲಿಲ್ಲ. ಮೈಸೂರಿನ ಚಿತ್ರದ ಸಂಯಮಕ್ಕೆ ಅಭಿರುಚಿಯಂತೆಯೇ ಸಾಮಗ್ರಿಯ ಬೆಲೆಯೂ ಕಾರಣವೆಂದು ನಮಗೆ ತೋರುತ್ತದೆ. ಅಗ್ಗವಾದುದು ಗೆರೆಗೆ ಧೈರ್ಯ ಕೊಟ್ಟಿತು. ದುಬಾರಿಯಾದುದು ಬಣ್ಣಕ್ಕೆ ಮಿತಿ ಕಲಿಸಿತು.

೧೮೦೭ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ನೆರೆಯ ಕೊಳ್ಳೇಗಾಲವೂ ಹನೂರೂ ೧೯೫೬ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಮರಗಳಿಗೆ ಈ ಗಡಿ ತಿಳಿದಿರಲಿಲ್ಲ. ಕಾಡಿನ ಕಾಯಿಯನ್ನು ಆಯುವವರಿಗಾದರೋ ಗಡಿಯೂ ಕಾನೂನೂ ಬಲ್ಲ ಸಂಗತಿಗಳೇ. ಬಿಳಿಗಿರಿಯ ಕಾಡಿನಲ್ಲಿ ಸೋಲಿಗರ ಸಾಮುದಾಯಿಕ ಹಕ್ಕು ಅಂಗೀಕೃತವಾದುದು ೨೦೧೧ರಲ್ಲಿ. ಚಿತ್ರ ಬರೆಸಿದ ಅರಸನ ಹೆಸರು ನಮಗೆ ಬಾಯಿಪಾಠ. ಬರೆದವನ ಹೆಸರು ಬಹುಮಟ್ಟಿಗೆ ಮರೆತಿದೆ. ಮಸಿಯ ಕಾಯಿ ತಂದವನನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ. ಮುಂದೊಮ್ಮೆ ಚಿತ್ರಶಾಲೆಗೆ ಹೋದಾಗ, ಚಿನ್ನದಿಂದ ಕಣ್ಣನ್ನು ಕ್ಷಣಕಾಲ ಇಳಿಸಿ, ಆ ಕರಿಯ ಗೆರೆಯನ್ನೂ ನೋಡೋಣ.