ಕಸುಬಿನೊಳಗಣ ಗಣಿತ

ಕೈಕಸುಬು ಕಲಿಯುವವನಿಗೆ ಗಣಿತಶಾಸ್ತ್ರವೇಕೆ ಎಂಬ ಮಾತನ್ನು ನೀವು ಕೇಳಿರಬಹುದು. ಇದಕ್ಕೆ ಉತ್ತರವು ನಮ್ಮ ನಾಡಿನಲ್ಲಿಯೇ ಬಹು ಹಿಂದೆ ದೊರೆತಿತ್ತು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನಾಚಾರ್ಯನಾದ ಮಹಾವೀರನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಸಂಗೀತ, ನಾಟಕ, ಅಡಿಗೆ, ವೈದ್ಯ, ವಾಸ್ತುವಿದ್ಯೆ ಇವೆಲ್ಲವಕ್ಕೂ ಗಣಿತವೇ ಆಧಾರವೆಂದು ಆತನು ಗ್ರಂಥಾರಂಭದಲ್ಲಿಯೇ ಸಾರುತ್ತಾನೆ.

ಅದು ಬರಿಯ ಪ್ರಶಂಸೆಯಲ್ಲ. ಹೊಂಡ ತೋಡುವವರ, ಇಟ್ಟಿಗೆ ಪೇರಿಸುವವರ, ಗರಗಸದಿಂದ ಮರ ಕೊಯ್ಯುವವರ ಲೆಕ್ಕಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವುಂಟು. ಅಕ್ಕಸಾಲಿಗನ ಲೆಕ್ಕವನ್ನೇ ನೋಡಿರಿ. 12 ವರ್ಣದ 4 ಗದ್ಯಾಣ ಚಿನ್ನವನ್ನೂ 15 ವರ್ಣದ 2 ಗದ್ಯಾಣವನ್ನೂ ಕೂಡಿ ಕರಗಿಸಿದರೆ ಬರುವ ವರ್ಣವೆಷ್ಟು? ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿದರೆ 48 ಮತ್ತು 30, ಕೂಡಿದರೆ 78, ಒಟ್ಟು ತೂಕವಾದ 6ರಿಂದ ಭಾಗಿಸಿದರೆ 13. ಸಂಖ್ಯೆಗಳು ನಮ್ಮವು, ಕ್ರಮವು ಆಚಾರ್ಯನದು. ಇಂದು ಗಣಕಯಂತ್ರದವರು ಹೇಳುವ ಕ್ರಮವಿಧಿಯೂ ಇದಕ್ಕಿಂತ ಬೇರೆಯಲ್ಲ.

ಆದರೆ ಕ್ರಮವನ್ನು ಬಾಯಿಪಾಠ ಮಾಡಿದರೆ ಸಾಲದು. 8 ಗಾರೆಯವರು 6 ದಿನಗಳಲ್ಲಿ ಕಟ್ಟುವ ಗೋಡೆಯನ್ನು 12 ಜನರು ಎಷ್ಟು ದಿನಗಳಲ್ಲಿ ಕಟ್ಟುವರು? ತ್ರೈರಾಶಿಕವನ್ನು ಕಣ್ಣುಮುಚ್ಚಿ ಹಚ್ಚಿದವನಿಗೆ 9 ದಿನಗಳೆಂಬ ಉತ್ತರ ಬರುತ್ತದೆ! ಆಳು ಹೆಚ್ಚಿದಂತೆ ದಿನವೂ ಹೆಚ್ಚುವುದುಂಟೆ? ಇಲ್ಲಿ ಹಿಡಿಯಬೇಕಾದುದು ವ್ಯಸ್ತ ತ್ರೈರಾಶಿಕ. ಉತ್ತರವು 4 ದಿನ. ಯಾವ ವಿಧಿ ಎಲ್ಲಿ ಸಲ್ಲುತ್ತದೆಂಬ ವಿವೇಕವೇ ವಿದ್ಯೆಯ ತಿರುಳು. ಗೋಡೆ ಕಟ್ಟಿದವನಿಗೆ ಇದು ಬೇಗ ಹೊಳೆಯುತ್ತದೆ.

ಭಾರತದಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯು 1950ರಲ್ಲಿ ಆರಂಭವಾಯಿತು. ಅದರ ಪಠ್ಯಕ್ರಮದಲ್ಲಿ ಕಾರ್ಯಾಗಾರದ ಲೆಕ್ಕವು ಬೇರೊಂದು ವಿಷಯವಾಗಿ ನಿಂತಿತು. ಲೆಕ್ಕಕ್ಕೆ ಸ್ಥಾನ ದೊರೆತುದು ಒಳ್ಳೆಯದೇ. ಆದರೆ ಕರಿಹಲಗೆಯ ಲೆಕ್ಕವೂ ಕೈಯ ಉಪಕರಣವೂ ಒಂದನ್ನೊಂದು ಕಾಣದೆ ಹೋದಲ್ಲಿ, ಲೇತ್ ಯಂತ್ರದ ಮುಂದೆ ಕೂದಲೆಳೆಯಷ್ಟೂ ತಪ್ಪದ ಹುಡುಗನು ಪರೀಕ್ಷೆಯಲ್ಲಿ ದಡ್ಡನೆನಿಸುತ್ತಾನೆ. ದೋಷವು ಆ ಹುಡುಗನದೆಂದು ನಾವು ಒಪ್ಪಲಾರೆವು.

ಭಾಷೆಯ ಮಾತೂ ಇದೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಮಹಾವೀರನ ಗ್ರಂಥವಾದರೋ 1912ರಲ್ಲಿ ಮದರಾಸಿನಿಂದ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಕನ್ನಡ ಅನುವಾದವುಳ್ಳ ಆವೃತ್ತಿಯು 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಬಡಗಿ ವಿದ್ಯೆಯನ್ನು ಕಲಿಸುವ ಉಪಾಧ್ಯಾಯರು ಅದರಲ್ಲಿ ಮರ ಕೊಯ್ಯುವ ಲೆಕ್ಕಗಳಿರುವ ಭಾಗವನ್ನು ಒಮ್ಮೆ ತೆರೆದು ನೋಡಬೇಕು.