ಸೆಣಬು ಹೊತ್ತ ಹಡಗಿನ ಮೇಲೆ ಹಾಡು

ನಮ್ಮೂರು ಕೊಳಗಲ್ಲಿಗೆ ಸಮುದ್ರ ಬಲು ದೂರ. ಕುಮಟಾಕ್ಕೋ ಕಾರವಾರಕ್ಕೋ ಹೋಗಬೇಕೆಂದರೆ ಬಸ್ಸಿನಲ್ಲಿ 300 ಕಿಲೋಮೀಟರಿಗೂ ಹೆಚ್ಚು. ಹಡಗನ್ನು ಹತ್ತಿರದಿಂದ ನೋಡಿದವರು ಊರಲ್ಲಿ ಕೆಲವೇ ಮಂದಿ. ಆದರೂ ಇವತ್ತು ಹಡಗಿನ ಕಥೆ ಹೇಳುತ್ತೇನೆ. ನಿಮ್ಮ ಮನೆಯ ಮೂಲೆಯಲ್ಲಿ ಮಡಚಿಟ್ಟ ಗೋಣಿಚೀಲಕ್ಕೂ ಅದಕ್ಕೂ ನಂಟಿದೆ.

ಹಡಗಿನ ಹೆಸರು ವೇವರ್‌ಟ್ರೀ. 1885ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕಟ್ಟಿದ್ದು. ಮೈ ಕಬ್ಬಿಣದ್ದು, ಕಂಬ ಮೂರು, ಎಂಜಿನ್ ಇಲ್ಲ. ಹಾಯಿಗೆ ಗಾಳಿ ತುಂಬಿದರೆ ಮಾತ್ರ ಓಟ. ಮೊದಮೊದಲು ಅದು ಮಾಡಿದ ಕೆಲಸ ನಮ್ಮ ದೇಶದ ಪೂರ್ವ ಭಾಗದ ಸೆಣಬನ್ನು ಸ್ಕಾಟ್ಲೆಂಡಿಗೆ ಸಾಗಿಸುವುದು. ಅಲ್ಲಿನ ಡಂಡೀ ಊರಿನ ಗಿರಣಿಗಳಲ್ಲಿ ಸೆಣಬು ಗೋಣಿತಟ್ಟಾಗುತ್ತಿತ್ತು. ಬೆಳೆದವನು ಬಂಗಾಳದ ರೈತ, ಲಾಭ ಗಿರಣಿಯವರಿಗೆ. ಈ ಲೆಕ್ಕ ನಮಗೆ ಹೊಸದಲ್ಲ.

(ಬಂಗಾಳ ಅಂದಾಗ ಒಂದು ಮಾತು. ನಮ್ಮೂರಿನ 967ರ ಶಾಸನ ರಾಷ್ಟ್ರಕೂಟ ಮೂರನೇ ಕೃಷ್ಣನ ಸಾವನ್ನೂ ಖೊಟ್ಟಿಗ ಪಟ್ಟಕ್ಕೆ ಬಂದದ್ದನ್ನೂ ಹೇಳುತ್ತದೆ. ಅದರಲ್ಲಿ ಗದಾಧರ ಎಂಬ ಯತಿಯ ಹೆಸರಿದೆ. ಆತ ಬಂಗಾಳದ ವರೇಂದ್ರಿ ಸೀಮೆಯವನು. ಅಷ್ಟು ದೂರದಿಂದ ಬಂದು ಕೊಳಗಲ್ಲಿನಲ್ಲಿ ನೆಲೆ ನಿಂತವನು.)

ಹಡಗಿನ ಮೇಲೆ ಹಾಡು ಯಾಕೆ ಬೇಕಿತ್ತು? ಊರಲ್ಲಿ ಕರೆಂಟ್ ಕಂಬ ನಿಲ್ಲಿಸುವುದನ್ನು ನೋಡಿದ್ದರೆ ಉತ್ತರ ನಿಮಗೇ ಗೊತ್ತು. ಒಬ್ಬ ಕೂಗುತ್ತಾನೆ, ಉಳಿದವರು "ಐಸಾ" ಅನ್ನುತ್ತಾರೆ. ಆ "ಐಸಾ" ಬಿದ್ದಾಗಲೇ ಎಲ್ಲರ ಬಲ ಒಟ್ಟಿಗೆ ಬೀಳುವುದು. ಕೂಗದೇ ಎಳೆದರೆ ಹತ್ತು ಜನ ಹತ್ತು ಸಲ ಎಳೆಯುತ್ತಾರೆ, ಕಂಬ ಅಲ್ಲೇ ಇರುತ್ತದೆ. ಲಂಗರು ಎತ್ತುವುದು, ಹಾಯಿ ಏರಿಸುವುದು, ಒಳಗೆ ಸೋರಿದ ನೀರನ್ನು ಪಂಪು ಒತ್ತಿ ಹೊರಹಾಕುವುದು, ಎಲ್ಲವೂ ಇದೇ ಥರದ ಕೆಲಸ. ಒಬ್ಬ ಮುಂದೆ ಹಾಡುತ್ತಿದ್ದ, ಉಳಿದವರು ಸೊಲ್ಲು ಹಿಡಿದು ಹಗ್ಗ ಜಗ್ಗುತ್ತಿದ್ದರು. ಈ ಹಾಡಿಗೆ ಇಂಗ್ಲಿಷಿನವರು ಶ್ಯಾಂಟಿ ಅನ್ನುತ್ತಾರೆ. ಒಳ್ಳೆ ಹಾಡುಗಾರನೊಬ್ಬ ಹತ್ತು ಆಳಿಗೆ ಸಮ ಎಂಬ ಮಾತೂ ನಾವಿಕರಲ್ಲಿತ್ತು.

ಅದರಲ್ಲಿ ದೇವರ ಸ್ತುತಿ ಹುಡುಕಬೇಡಿ. ಹುಳ ಬಿದ್ದ ರೊಟ್ಟಿ, ಕೊಡದ ಸಂಬಳ, ಒದೆಯುವ ಮೇಲಾಳು, ಬಿಟ್ಟುಬಂದ ಹೆಂಗಸು, ಹೆಚ್ಚಾಗಿ ಇಂಥವೇ. ಮಾತಿನಲ್ಲಿ ಕ್ಯಾಪ್ಟನ್ನನ್ನು ಬೈದರೆ ಶಿಕ್ಷೆ, ಹಾಡಿನಲ್ಲಿ ಬೈದರೆ ಮಾಫಿ, ಯಾಕೆಂದರೆ ಕೆಲಸ ಸಾಗುತ್ತಿತ್ತಲ್ಲ. ನಮ್ಮ ಅವ್ವಂದಿರು ಬೀಸುವ ಕಲ್ಲಿನ ಮುಂದೆ ಅತ್ತೆಯನ್ನು ಬೈಯ್ಯುತ್ತಿದ್ದುದೂ ಇದೇ ಧೈರ್ಯದ ಮೇಲೆ.

ಈ ಹಾಡುಗಳಲ್ಲಿ ಕೆಲವಕ್ಕೆ ಹತ್ತಿಯ ನಂಟಿದೆ. ಅಮೆರಿಕದ ಮೊಬೈಲ್, ನ್ಯೂ ಆರ್ಲಿಯನ್ಸ್ ಬಂದರುಗಳಲ್ಲಿ ಹತ್ತಿ ಅಂಡಿಗೆಗಳನ್ನು ಹಡಗಿನ ಹೊಟ್ಟೆಯೊಳಗೆ ದೊಡ್ಡ ಸ್ಕ್ರೂ ತಿರುಗಿಸಿ ಬಿಗಿಯಾಗಿ ಒತ್ತಿ ತುಂಬುತ್ತಿದ್ದರು. ಒಂದೊಂದು ತಿರುವಿಗೆ ಒಂದೊಂದು ಸೊಲ್ಲು. ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳ ಜೊತೆ ಐರ್ಲೆಂಡಿನ ಬಡ ನಾವಿಕರೂ ಅಲ್ಲಿ ದುಡಿಯುತ್ತಿದ್ದರು. ಹಾಡು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಯಿತು. 1861ರಲ್ಲಿ ಅಮೆರಿಕದಲ್ಲಿ ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ನಾವೆಯಲ್ಲಿ ಬೊಂಬಾಯಿಗೆ ಹೋಗುತ್ತಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ ಪೇಟೆಯಲ್ಲಿ ಅದರ ಹೆಸರು "ಕುಮಟಾ ಹತ್ತಿ"! ನಮ್ಮ ಬಳ್ಳಾರಿ ಸೀಮೆಯ ಹತ್ತಿಯನ್ನು ವ್ಯಾಪಾರಿಗಳು "ವೆಸ್ಟರ್ನ್ಸ್" ಅನ್ನುತ್ತಿದ್ದರು. ಗಾಡಿ ಹೊಡೆದವರು, ಅಂಡಿಗೆ ಹೊತ್ತವರು ಏನು ಹಾಡಿದರೋ ಯಾರೂ ಬರೆದುಕೊಳ್ಳಲಿಲ್ಲ. ದರವನ್ನು ಮಾತ್ರ ಬರೆದಿಟ್ಟರು.

ಉಗಿಹಡಗು ಬಂತು, ಹಗ್ಗ ಜಗ್ಗುವ ಕೆಲಸ ಹೋಯಿತು, ಹಾಡೂ ಹೋಯಿತು. ವೇವರ್‌ಟ್ರೀಯ ಗತಿ ಇನ್ನೂ ಕೆಟ್ಟದ್ದು. 1910ರಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಹತ್ತಿರ ಬಿರುಗಾಳಿಗೆ ಅದರ ಕಂಬಗಳು ಮುರಿದವು. ಚಿಲಿ ದೇಶದಲ್ಲಿ ತೇಲುವ ಗೋದಾಮಾಯಿತು. 1947ರಲ್ಲಿ ಅರ್ಜೆಂಟೀನಾದಲ್ಲಿ ಮರಳು ಸಾಗಿಸುವ ದೋಣಿಯಾಯಿತು. ಮರಳು ಹೊರುವ ಸ್ಥಿತಿಯಲ್ಲೇ 1967ರಲ್ಲಿ ಅದು ಹಳೆ ಹಡಗಿನ ಅಭಿಮಾನಿಗಳ ಕಣ್ಣಿಗೆ ಬಿತ್ತು. ಮರುವರ್ಷ ನ್ಯೂಯಾರ್ಕಿನ ಸೌತ್ ಸ್ಟ್ರೀಟ್ ಸೀಪೋರ್ಟ್ ಮ್ಯೂಸಿಯಂ ಕೊಂಡಿತು, 1970ರಲ್ಲಿ ಎಳೆದು ತಂದಿತು. ಈಗ ಅದರ ಮೇಲೆ ತಿಂಗಳಿಗೊಮ್ಮೆ ಭಾನುವಾರ ಜನ ಸೇರಿ ಹಾಡುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1886ರ ಬಾಲ್ಕ್ಲೂಥಾ ಎಂಬ ಇನ್ನೊಂದು ಹಡಗಿದೆ. ಅದರಲ್ಲಿ ತಿಂಗಳಿಗೊಂದು ಶನಿವಾರ ರಾತ್ರಿ ಹಾಡುವ ರೂಢಿ ದಶಕಗಳ ಕಾಲ ನಡೆದುಬಂತು. ಬರುವವರು ಮನೆಯಿಂದ ಲೋಟ ತರಬೇಕು, ಬಿಸಿ ಸೇಬಿನ ರಸ ಹಾಕಿಕೊಡುತ್ತಿದ್ದರು. ಟಿಕೆಟ್ ಇಲ್ಲ. ಯಾರಾದರೂ ಒಬ್ಬರು ಎತ್ತಿಕೊಂಡರೆ ಉಳಿದವರೆಲ್ಲ ಸೊಲ್ಲು ಹಿಡಿಯಬೇಕು. ಕೊರೊನಾ ಬಂದಾಗ ಕಂಪ್ಯೂಟರಿನಲ್ಲೇ ಸೇರಿ ಹಾಡಿದರು, ಬಿಡಲಿಲ್ಲ.

ಇವರಿಗೆ ಹಾಡು ಸಿಕ್ಕಿದ್ದು ಸ್ಟಾನ್ ಹ್ಯೂಗಿಲ್‌ನಂಥವರಿಂದ. ಆತ ಸ್ವತಃ ಹಾಯಿಹಡಗಿನಲ್ಲಿ ದುಡಿದವನು, ಮುಂದೆ ನಿಂತು ಹಾಡಿಸಿದವನು. ಕಿವಿಯಲ್ಲಿದ್ದದ್ದನ್ನೆಲ್ಲ ಸೇರಿಸಿ 1961ರಲ್ಲಿ ದೊಡ್ಡ ಪುಸ್ತಕ ಮಾಡಿದ. 1992ರಲ್ಲಿ ತೀರಿಕೊಂಡ. ಪುಸ್ತಕ ಒಂದೇ ಇದ್ದಿದ್ದರೆ ಕಪಾಟಿನಲ್ಲಿ ಕೂರುತ್ತಿತ್ತು. ಹಡಗು ಸಿಕ್ಕಿದ್ದರಿಂದ ಹಾಡಿಗೆ ಕೂರಲು ಜಾಗ ಸಿಕ್ಕಿತು ಅನ್ನುವುದು ನನ್ನ ಲೆಕ್ಕ.

ನಮ್ಮಲ್ಲಿ ಹಡಗಿಲ್ಲ, ಆದರೆ ಹೊಳೆ ಇದೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗಲ್ಲಿನ ಡೊಮಿಂಗೋ ಪಾಯೆಸ್ ಆನೆಗುಂದಿಯ ಹತ್ತಿರ ಬುಟ್ಟಿಯಂಥ ದುಂಡು ದೋಣಿ ನೋಡಿ ಬೆರಗಾಗಿ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ತೊಗಲು, 15-20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತೂ ದಾಟುತ್ತವೆ. ಅದೇ ನಮ್ಮ ಹರಿಗೋಲು. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ.

ಎರಡು ಮಳೆಗಾಲದ ಹಿಂದೆ ಸಿರುಗುಪ್ಪ ಕಡೆ ಹೊಳೆ ಬಂದಾಗ ಸುದ್ದಿಗೆ ಹೋಗಿದ್ದೆ. ದಂಡೆಯಲ್ಲಿ ಮಗುಚಿ ಹಾಕಿದ ಹರಿಗೋಲಿನ ಪಕ್ಕ ಒಬ್ಬ ಅಂಬಿಗರ ಹಿರಿಯರು ಕೂತಿದ್ದರು. "ತಾತ, ಹುಟ್ಟು ಹಾಕುವಾಗ ಹಾಡ್ತಿದ್ರೇನು?" ಅಂದೆ.

"ಹಾಡಿಲ್ದೆ ಕೈ ಏಳ್ತೈತೇನು ತಮ್ಮಾ? ಈಗ ಬ್ರಿಡ್ಜ್ ಮ್ಯಾಲೆ ಬಸ್ ಹೋಗ್ತೈತಿ. ಯಾರ ಮುಂದೆ ಹಾಡ್ಲಿ?"

ಆಗ ನೆನಪಾದವರು ದರೋಜಿಯ ಬುರ್ರಕಥಾ ಈರಮ್ಮ. ಓದು ಬರಹ ಗೊತ್ತಿರಲಿಲ್ಲ. ತಂದೆಯ ಜೊತೆ ಊರೂರು ತಿರುಗುತ್ತ ಹನ್ನೆರಡರ ಪ್ರಾಯದಲ್ಲೇ ಕಲಿತವರು. ಅವರಿಗೆ ಬಾಯಿಗೆ ಬರುತ್ತಿದ್ದದ್ದು 12 ಕಾವ್ಯ, ಅಚ್ಚು ಹಾಕಿದರೆ ಸುಮಾರು 7000 ಪುಟ. ಹಂಪಿ ಕನ್ನಡ ವಿಶ್ವವಿದ್ಯಾಲಯ ಕೆಲವನ್ನು ಬರೆಸಿ ಪುಸ್ತಕ ಮಾಡಿತು, ನಾಡೋಜ ಗೌರವವನ್ನೂ ಕೊಟ್ಟಿತು. 2014ರ ಆಗಸ್ಟಿನಲ್ಲಿ ಅವರು ಹೋದರು. ಪುಸ್ತಕ ಉಳಿಯಿತು, ದೊಡ್ಡ ಕೆಲಸವೇ. ಆದರೆ ಕಥೆಯ ನಡುವೆ ಹಿಮ್ಮೇಳದವರು "ಹೂಂ" ಅನ್ನುವ ರಾತ್ರಿಗಳು ಪುಟದಲ್ಲಿ ಇರುವುದಿಲ್ಲ.

ಸರ್ಕಾರಿ ಉತ್ಸವಗಳಲ್ಲಿ ಜಾನಪದಕ್ಕೆ ಹದಿನೈದು ನಿಮಿಷ ಕೊಡುತ್ತಾರೆ. ಕಲಾವಿದರು ಮೇಲೆ, ನಾವು ಕೆಳಗೆ ಕುರ್ಚಿಯಲ್ಲಿ, ಕೈಯಲ್ಲಿ ಫೋನು. ವರದಿಗೆಂದು ಇಂಥವು ಎಷ್ಟೋ ನೋಡಿದ್ದೇನೆ, ಜನ ಸೊಲ್ಲು ಹಿಡಿದದ್ದು ಅಪರೂಪ. ಮೊಹರಂನಲ್ಲಿ ಹಾಗಲ್ಲ. ನಮ್ಮ ಕಡೆ ರಿವಾಯತ್ ಪದಕ್ಕೆ ಜಾತಿ ಕೇಳುವವರಿಲ್ಲ. ಒಬ್ಬ ಎತ್ತಿಕೊಳ್ಳುತ್ತಾನೆ, ಉಳಿದವರು ಹೆಜ್ಜೆ ಹಾಕುತ್ತ ಹಿಡಿಯುತ್ತಾರೆ. ಶನಿವಾರ ರಾತ್ರಿ ಹನುಮಪ್ಪನ ಗುಡಿಯ ಭಜನೆಯೂ ಹಾಗೆಯೇ. ನ್ಯೂಯಾರ್ಕಿನವರು ಹಡಗು ಹುಡುಕಿ ತಂದು ಮಾಡಿದ್ದನ್ನು ನಾವು ಗುಡಿಯ ಕಟ್ಟೆ ಮೇಲೆ ಮಾಡುತ್ತಲೇ ಇದ್ದೇವೆ. ಕೆಲಸದ ಹಾಡಿಗೆ ಮಾತ್ರ ಇಂಥ ಕಟ್ಟೆ ಸಿಕ್ಕಿಲ್ಲ. ಬೀಸುವ ಕಲ್ಲು, ಕಪಿಲಿ ಬಾವಿ, ಹರಿಗೋಲು ಹೋದವು. ಸಿರುಗುಪ್ಪದ ಗದ್ದೆಗೆ ನಾಟಿ ಮಷೀನು ಬರುತ್ತಿದೆ.

ಆವತ್ತು ಅಂಬಿಗ ತಾತನಿಗೆ ನಾನೇ "ನನ್ನ ಮುಂದೆ ಹಾಡಿ" ಅಂದೆ. ಮೊದಲು ನಕ್ಕರು. ಆಮೇಲೆ ಹುಟ್ಟು ತರಿಸಿ ಕೈಗೆ ತಗೊಂಡರು, ಅದಿಲ್ಲದೆ ಪದ ನೆನಪಾಗುವುದಿಲ್ಲವಂತೆ. ಎರಡು ನುಡಿ ಹಾಡಿದರು. ಸೊಲ್ಲು ಹಿಡಿ ಅಂತ ಕಣ್ಣಲ್ಲೇ ಹೇಳಿದರು, ನನಗೆ ಬರಲಿಲ್ಲ. ಫೋನಿನಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡು ಇದೆ, ಅರ್ಧಕ್ಕರ್ಧ ಗಾಳಿಯ ಸದ್ದು.