ಪಾಳೆಯಗಾರರ ದೀಪ: ಅಸಲಿಯೋ ನಕಲಿಯೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನಮ್ಮ ಸೀಮೆಯಲ್ಲಿ ಮಳೆಗೆ ಬರವುಂಟೇ ಹೊರತು ಕೋಟೆಗಳಿಗಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ನಿಡಗಲ್, ಶಿರಾ... ಕೋಟೆಯಿದ್ದಲ್ಲಿ ನಿಧಿಯ ಕಥೆ ಹುಟ್ಟುತ್ತದೆ. ಕಥೆಯಿದ್ದಲ್ಲಿಗೆ ‘ಪಾಳೆಯಗಾರರ ಕಾಲದ’ ವಸ್ತುವನ್ನು ಮಾರುವವನೂ ಬರುತ್ತಾನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯ ಒಡವೆಗಳನ್ನು ಅಡವಿಟ್ಟು ಅಂಥದೊಂದು ಹಿತ್ತಾಳೆಯ ದೀಪಾಲೆ ಕಂಬವನ್ನು ಕೊಳ್ಳಲು ಹೊರಟಿದ್ದ. ಹಣ ಕೊಡುವ ಮುನ್ನ ನನಗೆ ತೋರಿಸಲು ತಂದದ್ದು ಅವನ ಪುಣ್ಯ. ನಿಡಗಲ್ಲಿನಲ್ಲಿ ನೆಲ ಅಗೆಯುವಾಗ ಸಿಕ್ಕಿದ್ದೆಂದು ಮಾರುವವನು ಹೇಳಿದ್ದನಂತೆ.

ಮೇಷ್ಟರ ಕಣ್ಣು ಮೊದಲು ಹೋಗುವುದು ಅಕ್ಷರದ ಕಡೆಗೆ. ಪೀಠದ ಮೇಲೆ ‘ಸ್ವಾಮಿಯವರ ಸೇವೆಗೆ, 1721’ ಎಂದು ಕೆತ್ತಿತ್ತು. ಆ ಕಾಲದ ನಮ್ಮ ದೇವಾಲಯದ ಬರಹಗಳಲ್ಲಿ ಕಾಣುವುದು ಶಕವರ್ಷ, ಸಂವತ್ಸರ, ಮಾಸ, ತಿಥಿ; ಮುಸಲ್ಮಾನ ದೊರೆಗಳ ಬರಹಗಳಾದರೆ ಹಿಜರಿ. ಪಾಳೆಯಗಾರರ ದಾನದಲ್ಲಿ ಕ್ರಿಸ್ತಶಕ ಎಲ್ಲಿಂದ ಬಂದೀತು? ಶಕವರ್ಷವೆಂದೇ ಇಟ್ಟುಕೊಂಡರೆ 1721 ಎಂಬುದು ಕ್ರಿ.ಶ. 1799ಕ್ಕೆ, ಅಂದರೆ ಟಿಪ್ಪು ಮಡಿದ ಸಿದ್ಧಾರ್ಥಿ ಸಂವತ್ಸರಕ್ಕೆ ಸರಿಹೊಂದುತ್ತದೆ. ಅಷ್ಟು ಹೊತ್ತಿಗೆ ಈ ಸೀಮೆಯ ಪಾಳೆಯಪಟ್ಟುಗಳು ಹೈದರ್, ಟಿಪ್ಪುಗಳ ಕೈಯಲ್ಲಿ ಮುಗಿದುಹೋಗಿದ್ದವು. ಹೇಗೆ ಓದಿದರೂ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ಶಾಸನಗಳಲ್ಲಿ ಎ-ಏ, ಒ-ಓಗಳ ಭೇದವನ್ನು ಸಾಮಾನ್ಯವಾಗಿ ಬರಹದಲ್ಲಿ ತೋರಿಸುತ್ತಿರಲಿಲ್ಲ. ಅಂದಿನ ಕೆತ್ತನೆಗಾರ ‘ಸೆವೆ’ ಎಂದು ಕೆತ್ತುತ್ತಿದ್ದ, ಓದುವವರು ‘ಸೇವೆ’ ಎಂದೇ ಓದಿಕೊಳ್ಳುತ್ತಿದ್ದರು. ಈ ದೀಪದಲ್ಲಾದರೋ ದೀರ್ಘ ಅಚ್ಚುಕಟ್ಟಾಗಿ ನಿಂತಿತ್ತು. (ದೀರ್ಘ ಬಿಟ್ಟದ್ದಕ್ಕೆ ನನ್ನಿಂದ ಅಂಕ ಕಳೆದುಕೊಂಡವರು ಇಲ್ಲಿ ನಗಬಹುದು.)

ಆದರೆ ಹಳೆಯ ದೀಪದ ಮೇಲೆ ಹೊಸ ಅಕ್ಷರವನ್ನು ಕೆತ್ತಿರಲೂಬಹುದಷ್ಟೆ. ಆದ್ದರಿಂದ ಲೋಹವನ್ನೂ ನೋಡಬೇಕು. ತಲೆಮಾರುಗಳ ಕಾಲ ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿಸಿಕೊಂಡ ದೀಪದಲ್ಲಿ ಉಬ್ಬಿದ ಚಿತ್ತಾರ ಸವೆದು ನುಣುಪಾಗಿರುತ್ತದೆ. ಕೊಳೆಯೂ ಕಿಲುಬೂ ತಗ್ಗುಗಳಲ್ಲಿ ಉಳಿದಿರುತ್ತವೆ. ಕೈ ಹಿಡಿಯುವಲ್ಲಿ, ಬತ್ತಿ ಚಾಚುವ ಮೂತಿಯಲ್ಲಿ ಸವೆತ ಹೆಚ್ಚು. ಪೀಠದ ಅಡಿಯಲ್ಲಿ ಕಲ್ಲುನೆಲದ ಮೇಲೆ ಸರಿದಾಡಿದ ಗೀರುಗಳು ದಿಕ್ಕುದಿಕ್ಕಿಗೆ ಹರಡಿರುತ್ತವೆ. ನನ್ನ ಮುಂದಿದ್ದ ದೀಪದಲ್ಲಿ ಹಸಿರು ಕಿಲುಬು ಬಣ್ಣ ಬಳಿದಂತೆ ಎಲ್ಲೆಡೆಯೂ ಸಮನಾಗಿತ್ತು, ಒದ್ದೆಬಟ್ಟೆಗೆ ಅಂಟಿಕೊಂಡು ಬಂತು. ಅಡಿಯಲ್ಲಿದ್ದುದು ಯಂತ್ರದಿಂದ ಉಜ್ಜಿದ ಸಮಾನಾಂತರ ಗೆರೆಗಳು. ಕಂಬದ ತಿರುಪಿನ ಸುತ್ತುಗಳೂ ಅಂಗಡಿಯ ಬೋಲ್ಟಿನಷ್ಟೇ ಕರಾರುವಾಕ್ಕಾಗಿದ್ದವು. ಕೈಯಲ್ಲಿ ಕೊರೆದ ತಿರುಪು ಹಾಗಿರುವುದಿಲ್ಲ. ತೂಕ ಹೆಚ್ಚಿದ್ದರೆ ಹಳೆಯದೆಂಬ ಮಾತನ್ನು ಮಾತ್ರ ನಂಬಬೇಡಿ. ಹಿತ್ತಾಳೆ ಇಂದಿಗೂ ಭಾರವೇ.

‘ಸಾರ್, ಕಾರ್ಬನ್ ಪರೀಕ್ಷೆಯ ಸರ್ಟಿಫಿಕೇಟೂ ಇದೆ’ ಎಂದ. ಕಾರ್ಬನ್ ಪರೀಕ್ಷೆ ಮರ, ಮೂಳೆ, ಇದ್ದಿಲಿನಂತಹ ಜೀವಜನ್ಯ ವಸ್ತುಗಳಿಗೆ ಸಲ್ಲುವಂಥದು. ಹಿತ್ತಾಳೆಯನ್ನು ಎರಕ ಹೊಯ್ದ ವರ್ಷವನ್ನು ಅದು ಹೇಳಲಾರದು. ಮೂತಿಯ ಮಸಿಯನ್ನು ಪರೀಕ್ಷಿಸಿದರೂ ತಿಳಿಯುವುದು ಉರಿದ ಎಣ್ಣೆಯ ಕಾಲವೇ ಹೊರತು ದೀಪದ್ದಲ್ಲ.

ಮಾರುವವನ ಕಥೆ ನಿಜವೇ ಆಗಿದ್ದರೂ ಕೊಳ್ಳುವವನಿಗೆ ಕ್ಷೇಮವಿಲ್ಲ. ನಿಧಿ ಕಾಯಿದೆಯಂತೆ ನೆಲದಲ್ಲಿ ಹುದುಗಿದ್ದು ಸಿಕ್ಕಿದ ಬೆಲೆಬಾಳುವ ವಸ್ತುವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನೂರು ವರ್ಷ ಮೀರಿದ ಕಲಾವಸ್ತುಗಳ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಪರವಾನಗಿ ಬೇಕು. ದೀಪ ನಕಲಿಯಾದರೆ ಹಣ ಹೋಯಿತು, ಅಸಲಿಯಾದರೆ ಪೊಲೀಸರು ಬಂದರು! ಅವನು ದೀಪವನ್ನು ಹಿಂದಿರುಗಿಸಿದ. ಒಡವೆ ಮನೆಯಲ್ಲೇ ಉಳಿಯಿತು.

ನನ್ನನ್ನು ನಿಜವಾಗಿ ನೋಯಿಸುವುದು ಇದರ ಮತ್ತೊಂದು ಮುಖ. ಸ್ಟೀಲ್ ಪಾತ್ರೆಗಳು ಬಂದ ಕಾಲದಲ್ಲಿ ನಮ್ಮ ಮನೆಗಳ ಎಷ್ಟೋ ಅಸಲಿ ದೀಪಗಳು, ಹರಳೆಣ್ಣೆ ಹೊಂಗೆಎಣ್ಣೆಗಳಲ್ಲಿ ಉರಿದು ಕಪ್ಪಾದವು, ಗುಜರಿಯ ತೂಕಕ್ಕೆ ಹೋದವು. ಯಾವ ಪಾಳೆಯಗಾರನ ಹೆಸರೂ ಇಲ್ಲದ್ದರಿಂದ ಅವನ್ನು ಯಾರೂ ಹಳೆಯವೆಂದು ಎಣಿಸಲಿಲ್ಲ. ಅಟ್ಟದ ಮೇಲೆ ಉಳಿದವುಗಳಿದ್ದರೆ ಇಳಿಸಿರಿ. ಆಸಿಡ್ ಹಾಕಿ ಹೊಳೆಸಬೇಡಿರಿ, ಒಣಬಟ್ಟೆಯಿಂದ ಒರೆಸಿದರೆ ಸಾಕು. ಯಾರ ಮದುವೆಗೆ ಯಾರು ಕೊಟ್ಟದ್ದೆಂದು ಮನೆಯ ಹಿರಿಯರಿಂದ ಕೇಳಿ ಬರೆದಿಡಿರಿ. ಚಿತ್ರ ತೆಗೆದು ನನಗೂ ಕಳಿಸಿರಿ, ಪೀಠದ ಅಡಿಭಾಗದ್ದನ್ನು ಮರೆಯದೆ.